ಕುದುರೆಗೆ ಲಸಿಕೆ: ಎರಡನೇ ಡೋಸ್ ಬಿಡಬೇಡಿ

ಧನುರ್ವಾಯುವಿಗೆ ಬಹಳ ಬೇಗ ತುತ್ತಾಗುವ ಪ್ರಾಣಿ ಕುದುರೆ. ರೋಗಾಣು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತದೆ. ಗೊರಸಿಗೆ ಒಂದು ಮೊಳೆ ಚುಚ್ಚಿದರೂ ಸಾಕು. ಹಾಗಾಗಿ ಲಾಯ ಬಿಟ್ಟು ಕದಲದ ಕುದುರೆಗೂ ಈ ಲಸಿಕೆ ಬೇಕು. ರೇಬೀಸ್ ಇರುವ ಕಡೆ ಅದರದ್ದೂ ಬೇಕು. ಇನ್‌ಫ್ಲುಯೆಂಜಾ (ಕುದುರೆ ಫ್ಲೂ), ಹರ್ಪಿಸ್ (ಉಸಿರಾಟದ ಕಾಯಿಲೆ, ಗರ್ಭಪಾತ ತರುವ ವೈರಸ್) ಲಸಿಕೆಗಳನ್ನು ಕುದುರೆಯ ಓಡಾಟ ನೋಡಿ ಪಶುವೈದ್ಯರು ನಿರ್ಧರಿಸುತ್ತಾರೆ.

ಧನುರ್ವಾಯುವಿಗೆ ಮೊದಲ ಸಲ ಎರಡು ಡೋಸ್, ನಡುವೆ 4ರಿಂದ 6 ವಾರ. ಆಮೇಲೆ ವರ್ಷಕ್ಕೊಂದು. ಹೆಚ್ಚಿನವರು ತಪ್ಪುವುದು ಎರಡನೆಯದರಲ್ಲೇ. ಮೊದಲ ಡೋಸ್ ದೇಹಕ್ಕೆ ಪರಿಚಯ ಮಾಡಿಸುತ್ತದೆ ಅಷ್ಟೆ, ಗಟ್ಟಿ ರಕ್ಷಣೆ ಬರುವುದು ಎರಡನೆಯದರ ನಂತರ. ಗಬ್ಬದ ಕುದುರೆಗೆ ಈಯುವ 4ರಿಂದ 6 ವಾರ ಮೊದಲು ಬೂಸ್ಟರ್ ಕೊಟ್ಟರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಅದೇ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ ಅಂಥ ಮರಿಗೆ 4ರಿಂದ 6 ತಿಂಗಳಲ್ಲಿ ಶುರುಮಾಡಿ ಮೂರು ಡೋಸ್ ಕೊಡಬೇಕು. ಮೂರನೆಯದು 10ರಿಂದ 12 ತಿಂಗಳಲ್ಲಿ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಲೇಬೇಡಿ, ನೋಡಲು ಸರಿಯಿದ್ದರೂ ಅದು ಕೆಟ್ಟಿರುತ್ತದೆ. ಜ್ವರವಿರುವ ಕುದುರೆಗೆ ಅಂದು ಬೇಡ. ಗುದದ ಉಷ್ಣಾಂಶ 38.5 ದಾಟಿದ್ದರೆ ಮುಂದೂಡಿ.

ಚುಚ್ಚುವ ಜಾಗ ಕತ್ತಿನ ಪಕ್ಕದ ತ್ರಿಕೋನ: ಮೇಲೆ ಜೂಲಿನ ಕೆಳಗಿನ ಗಟ್ಟಿ ನಾರು, ಕೆಳಗೆ ಕತ್ತಿನ ಮೂಳೆ, ಹಿಂದೆ ಹೆಗಲಮೂಳೆ. ಪೃಷ್ಠದ ಸ್ನಾಯು ಬೇಡ. ಅಲ್ಲಿ ಕೀವು ಕಟ್ಟಿದರೆ ಹೊರಗೆ ಹರಿಯಲು ದಾರಿಯಿಲ್ಲ. ಹಗ್ಗ ಹಿಡಿದವರೂ ಚುಚ್ಚುವವರೂ ಒಂದೇ ಬದಿಯಲ್ಲಿ ನಿಲ್ಲಲಿ. ಪ್ರತಿ ಕುದುರೆಗೂ ಹೊಸ ಸೂಜಿ, ಹೊಸ ಸಿರಿಂಜ್. ದೊಡ್ಡ ಕುದುರೆಗೆ ಒಂದೂವರೆ ಇಂಚಿನ ಸೂಜಿ. ಚುಚ್ಚಿ, ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದು ನೋಡಿ. ರಕ್ತ ಬಂದರೆ ಸೂಜಿ ರಕ್ತನಾಳದಲ್ಲಿದೆ, ತೆಗೆದು ಬೇರೆ ಕಡೆ ಚುಚ್ಚಿ.

ಆಮೇಲೆ ಅರ್ಧ ಗಂಟೆಯಾದರೂ ಹತ್ತಿರವೇ ಇರಿ. ಮೈಮೇಲೆ ದದ್ದು ಎದ್ದರೆ, ಏದುಸಿರು ಬಂದರೆ, ಕುದುರೆ ಕುಸಿದರೆ ಅದು ತೀವ್ರ ಅಲರ್ಜಿ. ತಕ್ಷಣ ಪಶುವೈದ್ಯರು ಬೇಕು. ಒಂದೆರಡು ದಿನದ ಸಣ್ಣ ಬಾವು, ಮಂಕು ಸಹಜ. ಕತ್ತು ಬಗ್ಗಿಸಲು ನೋವಾಗುವುದರಿಂದ ನೀರು, ಹುಲ್ಲನ್ನು ಎತ್ತರದಲ್ಲಿಡಿ, ಭಾರದ ಕೆಲಸ ಕೊಡಬೇಡಿ. ಬಾವು ದಿನೇದಿನೇ ಹೆಚ್ಚಿದರೆ ಒಳಗೆ ಸೋಂಕಿರಬಹುದು, ತೋರಿಸಿ.

ತಾರೀಖು, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಚುಚ್ಚಿದ ಬದಿ ಬರೆದಿಡಿ. ಆಳವಾದ ಗಾಯವಾದಾಗ ಕೊನೆಯ ಧನುರ್ವಾಯು ಲಸಿಕೆಗೆ 6 ತಿಂಗಳು ಮೀರಿದ್ದರೆ ಮತ್ತೊಂದು ಬೂಸ್ಟರ್ ಬೇಕಾಗುತ್ತದೆ.