ಎಚ್‌ಐವಿ ತಡೆ: ಹದಿಹರೆಯದವರಿಗೆ ಪಾಠಕ್ಕಿಂತ ಅಭ್ಯಾಸ ಮುಖ್ಯ

ಎಚ್‌ಐವಿ ಹೇಗೆ ಹರಡುತ್ತದೆ ಎಂದು ಕೇಳಿದರೆ ಒಂಬತ್ತನೇ ತರಗತಿಯ ಮಕ್ಕಳು ಗಡಗಡನೆ ಒಪ್ಪಿಸುತ್ತಾರೆ: ಅಸುರಕ್ಷಿತ ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ಸೋಂಕಿತ ರಕ್ತ, ತಾಯಿಯಿಂದ ಮಗುವಿಗೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ‘ನನ್ನ ಮೇಲೆ ನಂಬಿಕೆ ಇದ್ರೆ ಬಾ’ ಎಂದು ಯಾರಾದರೂ ಪೀಡಿಸಿದಾಗ ಅದೇ ಮಕ್ಕಳ ಬಾಯಿ ಕಟ್ಟುತ್ತದೆ. ಬೇಡ ಎನ್ನುವ ಮಾತನ್ನು ಆಡಿಸಿಯೇ ಕಲಿಸಬೇಕು.

ಒಂದು ಗುಂಪಿನಲ್ಲಿ 25 ಮಕ್ಕಳಿಗಿಂತ ಹೆಚ್ಚು ಬೇಡ. 45 ನಿಮಿಷದ ನಾಲ್ಕು ತರಗತಿ ಇಟ್ಟುಕೊಳ್ಳಿ. ಮೊದಲನೆಯದು ಹುಡುಗ, ಹುಡುಗಿಯರಿಗೆ ಬೇರೆ ಬೇರೆ ಇರಲಿ, ಉಳಿದವು ಒಟ್ಟಿಗೆ. ಕೊನೆಯವರೆಗೂ ಬೇರೆಯಾಗಿಯೇ ಕೂರಿಸಿದರೆ ಪರಸ್ಪರ ಮಾತಾಡುವ ಅಭ್ಯಾಸವೇ ಆಗುವುದಿಲ್ಲ.

ಮೊದಲ ದಿನ ಪ್ರಶ್ನೆಪೆಟ್ಟಿಗೆ ಇಡಿ. ಒಂದೇ ಅಳತೆಯ ಚೀಟಿ ಎಲ್ಲರಿಗೂ ಕೊಡಿ. ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದಾದರೂ ಬರೆಯಲಿ. ಇಲ್ಲದಿದ್ದರೆ ಪೆನ್ನು ಹಿಡಿದವರು ಯಾರು ಎಂಬುದು ಇಡೀ ತರಗತಿಗೆ ಗೊತ್ತಾಗುತ್ತದೆ. ಉತ್ತರ ಮುಂದಿನ ತರಗತಿಯಲ್ಲಿ. ಪೋಲಿ ಪದ ಬಳಸಿ ಕೇಳಿದ್ದರೆ ಸಭ್ಯ ಪದಕ್ಕೆ ಬದಲಾಯಿಸಿ ಉತ್ತರಿಸಿ, ಬೈಯಬೇಡಿ. ಒಮ್ಮೆ ಬೈದರೆ ಪೆಟ್ಟಿಗೆ ಮತ್ತೆ ತುಂಬುವುದಿಲ್ಲ.

ಎರಡನೇ ದಿನ ಸಹಿ ಆಟ. ಪ್ರತಿಯೊಬ್ಬರೂ ಮೂವರಿಂದ ಚೀಟಿಯ ಮೇಲೆ ಸಹಿ ಪಡೆಯಲಿ. ಒಂದು ಚೀಟಿಯ ಹಿಂದೆ ಮೊದಲೇ ಚುಕ್ಕೆ ಹಾಕಿರಬೇಕು, ಆ ಚುಕ್ಕೆಯೇ ಸೋಂಕು. ಚುಕ್ಕೆಯವರು ನಿಲ್ಲಲಿ, ಅವರ ಸಹಿ ಪಡೆದವರು ನಿಲ್ಲಲಿ, ಆಮೇಲೆ ಇವರ ಸಹಿ ಪಡೆದವರು. ನೋಡನೋಡುತ್ತಲೇ ಅರ್ಧ ತರಗತಿ ಎದ್ದು ನಿಂತಿರುತ್ತದೆ. ಚುಕ್ಕೆಯ ಚೀಟಿ ನೀವೇ ಇಟ್ಟುಕೊಂಡು ಆಟಕ್ಕೆ ಸೇರಿ. ಮಕ್ಕಳ ಕೈಗೆ ಹೋದರೆ ಆ ಮಗುವಿಗೆ ಅಡ್ಡಹೆಸರು ಅಂಟುತ್ತದೆ. ಕೆಲವರು ಸಹಿಯ ಬದಲು ಕೈಕುಲುಕಿಸುತ್ತಾರೆ. ಅದು ತಪ್ಪು, ಮುಟ್ಟಿದರೆ ಎಚ್‌ಐವಿ ಬರುತ್ತದೆ ಎಂಬುದೇ ತಲೆಯಲ್ಲಿ ಉಳಿಯುತ್ತದೆ.

ಮೂರನೇ ದಿನವೇ ಮುಖ್ಯ. ಮೂವರ ಗುಂಪು ಮಾಡಿ: ಒಬ್ಬರು ಒತ್ತಾಯಿಸುವವರು, ಒಬ್ಬರು ನಿರಾಕರಿಸುವವರು, ಒಬ್ಬರು ಗಮನಿಸುವವರು. ಎರಡೆರಡು ನಿಮಿಷಕ್ಕೆ ಪಾತ್ರ ಬದಲಾಗಲಿ. ನಿರಾಕರಿಸುವವರಿಗೆ ಹೇಳಿಕೊಡಬೇಕಾದದ್ದು ಇಷ್ಟು: ಕಣ್ಣು ನೋಡಿ ‘ನನಗೆ ಬೇಡ’ ಎನ್ನುವುದು, ಮತ್ತೆ ಕೇಳಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುವುದು, ಮೂರನೇ ಸಲ ಜಾಗ ಬಿಡುವುದು. ಕಾರಣ ಕೊಡುವುದು ಬೇಡ. ‘ಇವತ್ತು ಮನೆಗೆ ಬೇಗ ಹೋಗ್ಬೇಕು’ ಎಂದರೆ ಎದುರಿನವರು ‘ಹಾಗಾದ್ರೆ ನಾಳೆ’ ಎನ್ನುತ್ತಾರೆ. ನಗುತ್ತಾ ಬೇಡ ಎಂದರೆ ಗಮನಿಸುವವರು ಅದನ್ನೇ ಎತ್ತಿ ತೋರಿಸಲಿ. ಯಾವಾಗಲೂ ಹುಡುಗಿಯೇ ನಿರಾಕರಿಸುವ ಸನ್ನಿವೇಶ ಕೊಡಬೇಡಿ. ಒಂದೇ ಸಿರಿಂಜ್ ಹಂಚಿಕೊಳ್ಳಲು ಗೆಳೆಯರ ಒತ್ತಾಯ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಚ್ಚೆ, ಇವೂ ಇರಲಿ.

ಕಾಂಡೋಮ್ ವಿಷಯ ವಯಸ್ಸಿಗೆ ತಕ್ಕಂತೆ, ಆಡಳಿತ ಮಂಡಳಿ ಒಪ್ಪಿದರೆ. ಮಾದರಿಯ ಮೇಲೆಯೇ ತೋರಿಸಿ, ಬೆರಳ ಮೇಲೆ ತೋರಿಸಿದರೆ ಬೆರಳಿಗೇ ಹಾಕಬೇಕೆಂದುಕೊಳ್ಳುವವರಿದ್ದಾರೆ. ಅವಧಿ ನೋಡಬೇಕು, ತುದಿಯ ಗಾಳಿ ಒತ್ತಿ ತೆಗೆಯಬೇಕು, ಪ್ರತಿ ಸಲವೂ ಹೊಸದು. ಕೊಬ್ಬರಿ ಎಣ್ಣೆ ತಾಗಿದರೆ ಕಾಂಡೋಮಿನ ರಬ್ಬರ್ (ಲ್ಯಾಟೆಕ್ಸ್) ದುರ್ಬಲವಾಗಿ ಹರಿಯಬಹುದು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನು ನಂಬಬಾರದು.

ಪಾಠದ ನಡುವೆ ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಳ್ಳಬಹುದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. 18 ವರ್ಷದೊಳಗಿನವರಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಸೋಂಕಿನ ಅಪಾಯ ಆಗಿದ್ದರೆ ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಮರುದಿನದ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ನಿಶ್ಚಿಂತೆಯಲ್ಲ, ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು.

ನಾಲ್ಕನೇ ದಿನಕ್ಕೆ ಮನೆಗೆಲಸ ಕೊಡಿ: ಹತ್ತಿರದ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ, ಯಾವ ಬಸ್ಸು ಹತ್ತಬೇಕು ಎಂದು ವಿಚಾರಿಸಿಕೊಂಡು ಬರಲಿ. ಪರೀಕ್ಷೆ ಅಲ್ಲಿ ಉಚಿತ. ಉತ್ತರ ಸಿಗದವರು ತರಗತಿಯಲ್ಲೇ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲಿ.