ಮರ ಯಾವ ಕಡೆ ಬಿದ್ದಿದೆ?

ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಾಡಿನಲ್ಲಿ ಗಾಳಿ ಹಾನಿಯ ಸರ್ವೆಗೆ ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಬಿದ್ದ ಮರವನ್ನು. ಎಷ್ಟು ಮರ ಬಿದ್ದಿವೆ ಅನ್ನೋದು ಆಮೇಲಿನ ಮಾತು. ತುದಿ ಯಾವ ದಿಕ್ಕಿಗಿದೆ ಅನ್ನೋದು ಮೊದಲು.

ನಾನಿಲ್ಲಿ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೀಸಿದ್ದು ನೇರ ಗಾಳಿಯೋ ಸುಂಟರಗಾಳಿಯೋ ಅಂತ ಹೇಳಬೇಕು. ದೊಡ್ಡ ಸುಂಟರಗಾಳಿಯಾದರೆ ಅನುಮಾನಕ್ಕೆ ಜಾಗವಿಲ್ಲ. ಕಷ್ಟ ಇರುವುದು ಸಣ್ಣದರಲ್ಲಿ. ಕೆಲವೇ ನಿಮಿಷ ನೆಲ ಮುಟ್ಟುತ್ತದೆ, ಮೆಕ್ಕೆಜೋಳದ ಹೊಲ ದಾಟುತ್ತದೆ, ಒಂದು ಶೆಡ್ಡಿನ ತಗಡು ಕಿತ್ತು ಮುಗಿದುಹೋಗುತ್ತದೆ. ರಾತ್ರಿ ಮಳೆಯ ನಡುವೆ ಬಂದರೆ ಯಾರಿಗೂ ಕಾಣುವುದಿಲ್ಲ. ರಾಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. ಹಾಗಾಗಿ ಕೆಳಗೆ ಗಾಳಿ ಸುತ್ತಿದ್ದು ಅದಕ್ಕೂ ಗೊತ್ತಾಗದೆ ಹೋಗಬಹುದು.

ಅದಕ್ಕೇ ಬೇಗ ಹೋಗಬೇಕು. ಬೆಳಕು ಹರಿಯುತ್ತಿದ್ದಂತೆ ರೈತರು ಗರಗಸದ ಯಂತ್ರ ಹಿಡಿದು ಮರ ಕತ್ತರಿಸಲು ಶುರು ಮಾಡುತ್ತಾರೆ. ಅವರಿಗೆ ದಾರಿ ಬಿಡಿಸಬೇಕು, ದನಗಳಿಗೆ ಬೇಲಿ ಕಟ್ಟಬೇಕು. ತಪ್ಪೇನಲ್ಲ. ಆದರೆ ಮರ ಎಳೆದು ರಾಶಿ ಹಾಕಿದ ಮೇಲೆ ದಿಕ್ಕಿನ ಸಾಕ್ಷಿ ಹೋಯಿತು.

ಇಲ್ಲಿನ ಹಳ್ಳಿ ರಸ್ತೆಗಳು ಹೆಚ್ಚುಕಮ್ಮಿ ಮೈಲಿಗೊಂದರಂತೆ ಚೌಕ ಚೌಕವಾಗಿವೆ. ರಾಡಾರ್ ಚಿತ್ರ ನೋಡಿ ನಕ್ಷೆಯ ಮೇಲೆ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಆ ಗೆರೆಯನ್ನು ದಾಟುವ ರಸ್ತೆಗಳಲ್ಲೆಲ್ಲ ಓಡಾಡುತ್ತೇನೆ. ಏನೂ ಆಗದ ಜಾಗವನ್ನೂ ಬರೆದುಕೊಳ್ಳುತ್ತೇನೆ. ಗಾಳಿ ಎಲ್ಲಿ ನಿಂತಿತು ಅಂತ ಹೇಳುವುದು ಅದೇ ಅಲ್ವಾ?

ಈಗ ದಿಕ್ಕಿನ ವಿಷಯ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ನಮ್ಮೂರಿನ ಬಾಳೆ ತೋಟ ಇಡೀ ಒಂದೇ ಕಡೆ ಮಲಗುತ್ತದಲ್ಲ, ನೇರ ಗಾಳಿಯ ಗುರುತು ಹಾಗೆಯೇ ಇರುತ್ತದೆ. 2020ರ ಆಗಸ್ಟ್ 10ರಂದು ಅಯೋವಾದ ಉದ್ದಕ್ಕೂ ಬೀಸಿದ ಗಾಳಿ ಅಂಥದ್ದು. ಮೋಡದಿಂದ ರಭಸವಾಗಿ ಕೆಳಗಿಳಿದ ಗಾಳಿಯಾದರೆ ಮರಗಳು ಒಂದು ಕಡೆಯಿಂದ ಹೊರಕ್ಕೆ ಹರಡಿಕೊಂಡು ಬಿದ್ದಿರುತ್ತವೆ. ಸುಂಟರಗಾಳಿ ತಜ್ಞ ಟೆಡ್ ಫುಜಿಟಾ 1945ರಲ್ಲಿ ನಾಗಸಾಕಿಯಲ್ಲಿ ಅಣುಬಾಂಬಿನ ಹಾನಿ ನಕ್ಷತ್ರದಂತೆ ಹೊರಕ್ಕೆ ಹರಡಿದ್ದನ್ನು ನೋಡಿದ್ದರು. 1974ರ ಏಪ್ರಿಲ್‌ನ ಸುಂಟರಗಾಳಿಗಳ ನಂತರ ವಿಮಾನದಿಂದ ಕಾಡು ನೋಡುವಾಗ ಅದೇ ನಕ್ಷತ್ರದಾಕಾರ ಅವರ ಕಣ್ಣಿಗೆ ಬಿತ್ತು. ಈ ರೀತಿಯ ಗಾಳಿಯನ್ನು ಅವರು ಗುರುತಿಸಲು ಅದು ದಾರಿಯಾಯಿತು. ಈ ಕೆಲಸ ಮಾಡುವ ನಮಗೆಲ್ಲ ಅವರೇ ಗುರು.

ಸುಂಟರಗಾಳಿಯಲ್ಲಿ ಮರಗಳು ಅದು ಸಾಗಿದ ದಾರಿಯ ನಡುವಿನ ಗೆರೆಯ ಕಡೆಗೆ ಒಳಮುಖವಾಗಿ ಬೀಳುತ್ತವೆ. ಅದು ಈಶಾನ್ಯಕ್ಕೆ ಸಾಗುತ್ತಿದ್ದರೆ ಬಲಗಡೆ ಸುತ್ತುವ ವೇಗಕ್ಕೆ ಸಾಗುವ ವೇಗವೂ ಸೇರುತ್ತದೆ, ಹಾನಿ ಜಾಸ್ತಿ. ಎಡಗಡೆ ಎರಡೂ ಎದುರುಬದುರಾಗಿ ಗಾಳಿ ಬಡವಾಗುತ್ತದೆ. ದುರ್ಬಲ ಸುಂಟರಗಾಳಿ ವೇಗವಾಗಿ ಸಾಗಿದ್ದರೆ ಎಡಗಡೆ ಒಂದೆರಡು ಕೊಂಬೆ ಮಾತ್ರ ಸಿಕ್ಕೀತು. ಆ ಒಂದೆರಡು ಕೊಂಬೆಗಾಗಿ ಕೆಸರಿನಲ್ಲಿ ನಡೆದು ಹೋಗಲೇಬೇಕು. ನೇರ ಗಾಳಿಯೋ ಸುತ್ತುಗಾಳಿಯೋ ಅಂತ ಹಲವು ಸಲ ಅದೇ ತೀರ್ಮಾನಿಸುತ್ತದೆ.

ಬಲ ಎಷ್ಟು ಅನ್ನೋದಕ್ಕೆ 2007ರಿಂದ ಅಮೆರಿಕದಲ್ಲಿ ಬಳಸುವ ಇಎಫ್ (ಎನ್‌ಹ್ಯಾನ್ಸ್ಡ್ ಫುಜಿಟಾ) ಅಳತೆ ಇದೆ. ಹಾನಿ ಅಂದಾಜಿಸಲು ಅದರಲ್ಲಿ ಕಟ್ಟಡ, ಮರ ಎಲ್ಲ ಸೇರಿ 28 ಬಗೆಯ ಗುರುತುಗಳು. ಗಂಟೆಗೆ 105ರಿಂದ 137 ಕಿ.ಮೀ. ಅಂದರೆ ಇಎಫ್0, 138ರಿಂದ 177 ಅಂದರೆ ಇಎಫ್1. ಇದು ಅಳೆದ ವೇಗವಲ್ಲ, ಹಾನಿ ನೋಡಿ ಕಟ್ಟಿದ ಅಂದಾಜು. ಹಾಗಾಗಿ ಮುರಿದ ಕಾಂಡದ ಒಳಗೆ ನೋಡುತ್ತೇನೆ. ಟೊಳ್ಳಾಗಿದ್ದರೆ ಸಣ್ಣ ಗಾಳಿಗೂ ಮುರಿದಿರಬಹುದು. ಶೆಡ್ ಹಾರಿದ್ದರೆ ಕಂಬವನ್ನು ನೆಲಕ್ಕೆ ಹೇಗೆ ಬಿಗಿದಿದ್ದರು, ದೊಡ್ಡ ಬಾಗಿಲು ಮೊದಲು ಕಿತ್ತುಬಂತೇ ಅಂತ ನೋಡುತ್ತೇನೆ. ಬಾಗಿಲು ಹೋದರೆ ಗಾಳಿ ಒಳನುಗ್ಗಿ ಚಾವಣಿಯನ್ನು ಎತ್ತುತ್ತದೆ. ಉರುಳಿದ ಕಣಜದಲ್ಲಿ ಕಾಳಿತ್ತೇ, ಖಾಲಿಯಿತ್ತೇ ಅಂತಲೂ ಕೇಳಬೇಕು.

ಆದರೆ ಅಂಗಳಕ್ಕೆ ಕಾಲಿಟ್ಟ ತಕ್ಷಣ ಇದನ್ನೆಲ್ಲ ಕೇಳುವುದಿಲ್ಲ. "ಎಲ್ಲರೂ ಕ್ಷೇಮವಾ?" ಅಂತ ಮೊದಲು ಕೇಳುತ್ತೇನೆ. ಒಳಗೆ ಬರಲು ಅನುಮತಿ ಕೇಳುತ್ತೇನೆ. ಫೋನು, ಕ್ಯಾಮೆರಾ ಆಮೇಲೆ. ಅವರ ಪಾಲಿಗೆ ಅದು ಇಎಫ್0 ಅಲ್ಲ, ಅಜ್ಜ ಕಟ್ಟಿದ ಕೊಟ್ಟಿಗೆ. ಮಾತಿಗೆ ಕೂತರೆ ಎಷ್ಟು ಹೊತ್ತಿಗೆ ಕರೆಂಟ್ ಹೋಯಿತು, ಯಾವ ತಗಡು ಯಾರ ಹೊಲದಲ್ಲಿ ಸಿಕ್ಕಿತು ಅನ್ನೋದೆಲ್ಲ ಅವರೇ ಹೇಳುತ್ತಾರೆ.

ಬರೀ ಹೊಲ ದಾಟಿ ಹೋದದ್ದಾದರೆ ಬೇರೆಯೇ ಪಾಡು. ಮೆಕ್ಕೆಜೋಳ ಆ 28ರ ಪಟ್ಟಿಯಲ್ಲಿಲ್ಲ. ಎಳೆಯ ಪೈರು ಕೆಲವೇ ದಿನಗಳಲ್ಲಿ ಬಾಗಿ ಮತ್ತೆ ಮೇಲೇಳುತ್ತದೆ. ಅಷ್ಟರೊಳಗೆ ಡ್ರೋನ್ ಹಾರಿಸಿ ಪೈರು ಮಲಗಿದ ದಿಕ್ಕನ್ನು ಚಿತ್ರದಲ್ಲಿ ಹಿಡಿಯಬೇಕು. ಸುಂಟರಗಾಳಿ ಅಂತ ಖಚಿತವಾದರೂ ಬಲ ಅಂದಾಜಿಸಲು ಏನೂ ಸಿಗದಿದ್ದರೆ ಅದಕ್ಕೆ ಇಎಫ್‌ಯು, ಅಂದರೆ ಬಲ ತಿಳಿಯದು ಅಂತಲೇ ದಾಖಲಿಸುತ್ತೇವೆ. ಸುಮ್ನೆ ಸೊನ್ನೆ ಹಾಕಿದರೆ ದುರ್ಬಲ ಅಂತ ನಾವೇ ಹೇಳಿದಂತಾಗುತ್ತದೆ.