ಜಪಾನಿ ಕ್ರಿಯಾಪದದ ಒಂದನೇ ಗುಂಪು: ನಾನು ಕಲಿತ ಬಗೆ

ಜಪಾನಿ ಕ್ರಿಯಾಪದಗಳಲ್ಲಿ ಮೂರು ಗುಂಪು. ಮೂರನೆಯದರಲ್ಲಿ ಮುಖ್ಯವಾಗಿ ಇರುವುದು ಎರಡೇ: ಸುರು (ಮಾಡು), ಕುರು (ಬರು). ಎರಡನೆಯದರಲ್ಲಿ ಕೊನೆಯ 'ರು' ಕಿತ್ತು 'ಮಸು' (ಮರ್ಯಾದೆಯ ಪ್ರತ್ಯಯ) ಹಚ್ಚಿದರೆ ಆಯಿತು: ತಬೆರು (ತಿನ್ನು), ತಬೆಮಸು. ಹೆಣಗಾಟವೆಲ್ಲ ಒಂದನೆಯದರ ಜೊತೆ.

ಅದನ್ನು ರೋಮನ್ ಲಿಪಿ ಬಿಟ್ಟು ಕನ್ನಡ ಕಾಗುಣಿತದಲ್ಲೇ ಬರೆದುಕೊಂಡೆ. ಕಕು ಅಂದರೆ ಬರೆ. ಕಕನಇ (ಬರೆಯಲ್ಲ), ಕಕಿಮಸು (ಬರೀತೀನಿ), ಕಕು, ಕಕೆಬ (ಬರೆದರೆ), ಕಕೋ (ಬರೆಯೋಣ). ಕೊನೆಯ ಅಕ್ಷರದ ಸ್ವರವಷ್ಟೇ ಬದಲು. ಕಾಗುಣಿತ ಕೈಕೊಡುವುದು ಮೂರು ಕಡೆ. ಹನಸು (ಮಾತಾಡು) ಹನಶಿಮಸು ಆಗುತ್ತದೆ. ಮತ್ಸು (ಕಾಯು) ಮತನಇ, ಮಚಿಮಸು ಆಗುತ್ತದೆ, ಏಕೆಂದರೆ ಅವರ ಸಾಲೇ ತ, ಚಿ, ತ್ಸು, ತೆ, ತೊ. ಕಉ (ಕೊಳ್ಳು) ನಿಷೇಧದಲ್ಲಿ ಕವನಇ. ನಡುವೆ 'ವ' ನುಸುಳುತ್ತದೆ.

ಜನ ಸೋಲುವುದು 'ತೆ' ರೂಪದಲ್ಲಿ (ನಮ್ಮ 'ಹೋಗಿ', 'ತಿಂದು' ಥರದ್ದು). ಉ, ತ್ಸು, ರು ಕೊನೆಯಾದರೆ 'ತ್ತೆ': ಕಉ 'ಕತ್ತೆ', ಮತ್ಸು 'ಮತ್ತೆ'. ಮು, ಬು, ನು ಆದರೆ 'ನ್ದೆ': ನೊಮು (ಕುಡಿ) 'ನೊಂದೆ'. ಕುಡಿದವರು ನೊಂದದ್ದು ಕನ್ನಡಿಗರಿಗೆ ಮರೆಯದು. ಕು 'ಇತೆ', ಗು 'ಇದೆ', ಸು 'ಶಿತೆ': ಕಇತೆ, ಒಯೊಇದೆ (ಈಜಿ), ಹನಶಿತೆ (ಮಾತಾಡಿ). ಇಕು (ಹೋಗು) ಮಾತ್ರ ಇಇತೆ ಅಲ್ಲ, 'ಇತ್ತೆ'.

'ತೆ' ರೂಪದ ಬಳಕೆ ಕಲಿಯಲು ನನಗೆ ವ್ಯಾಕರಣದ ವಿವರಣೆ ಬೇಕಾಗಲಿಲ್ಲ. ಇತ್ತೆ ಕಿಮಸು: ಹೋಗಿ ಬರ್ತೀನಿ. ತಬೆತೆ ಮಿರು: ತಿಂದು ನೋಡು. ತಬೆತೆ ಶಿಮತ್ತ: ತಿಂದುಬಿಟ್ಟೆ. ಪದಕ್ಕೆ ಪದ ಕೂರುತ್ತದೆ.

ಎರಡನೇ ಗುಂಪಿನವು 'ಇರು', 'ಎರು' ಎಂದು ಕೊನೆಯಾಗುತ್ತವೆ. ಆದರೆ ಹಾಗೆ ಕೊನೆಯಾದದ್ದೆಲ್ಲ ಎರಡನೇ ಗುಂಪು ಎಂದು ನಂಬಬೇಡಿ. ಕಎರು (ಮರಳು), ಹಇರು (ಒಳಗೆ ಹೋಗು), ಹಶಿರು (ಓಡು), ಶಿರು (ತಿಳಿ) ಒಂದನೆಯವು. ಕಿರು ಎರಡೂ ಕಡೆ ಇದೆ: ಕತ್ತರಿಸುವುದಾದರೆ 'ಕಿತ್ತೆ', ಉಡುವುದಾದರೆ 'ಕಿತೆ'. ಒತ್ತಕ್ಷರ ತಪ್ಪಿದರೆ ಅರ್ಥ ಕೆಟ್ಟಿತು.

ಹೊಸ ಪದ ಸಿಕ್ಕಾಗ ಮೂಲರೂಪ, 'ನಇ', 'ತೆ' ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತೇನೆ. 'ಮಸು' ಒಂದನ್ನೇ ಬರೆದರೆ ಸಾಲದು. ಒಕು (ಇಡು), ಒಕಿರು (ನಿದ್ದೆಯಿಂದ ಏಳು) ಎರಡಕ್ಕೂ 'ಒಕಿಮಸು' ಒಂದೇ. ಗುಂಪು ಬಯಲಾಗುವುದು ಒಕನಇ, ಒಕಿನಇ ಎಂದಾಗ.